ಎತ್ತದ ದಿನ

ಐವತ್ತೊಂದನೆಯ ವಯಸ್ಸಿನಲ್ಲಿ ಸುಜಯೀಂದ್ರನಿಗೆ ಜಿಮ್ಮಿನ ಹುಚ್ಚು ಹಿಡಿದಿದೆ ಎಂದು ತಮಿಳು ಸೀಮೆಯ ಎಣ್ಣೂರಿನ ಅವನ ಆಫೀಸಿನಲ್ಲಿ ಎಲ್ಲರೂ ನಕ್ಕರು. ಹಣೆಯ ಮೇಲೆ ಅಂಗಾರ-ಅಕ್ಷತೆ, ತೋಳಿನ ಮೇಲೆ ಗೋಪಿಚಂದನದ ಮುದ್ರೆ ಇಟ್ಟುಕೊಂಡವನು ತಿರುವೊಟ್ಟಿಯೂರಿನ ಜಿಮ್ಮಿನಲ್ಲಿ ಕಾಲೇಜು ಹುಡುಗರ ನಡುವೆ ಹಲ್ಲು ಕಚ್ಚಿ ಕಬ್ಬಿಣ ಎತ್ತಿದರೆ ನಗದೆ ಏನು ಮಾಡುತ್ತಾರೆ? ಪಾಪ, ನಕ್ಕವರು ಅವನ ಮನೆಯ ಮೆಟ್ಟಿಲು ಹತ್ತಿದವರಲ್ಲ.

ಮನೆ ಎರಡನೆಯ ಮಹಡಿಯಲ್ಲಿತ್ತು. ಮೂವತ್ತಾರು ಮೆಟ್ಟಿಲು, ಲಿಫ್ಟ್ ಇಲ್ಲ. ಅವನ ಹೆಂಡತಿ ಹರಿಪ್ರಿಯಾಳ ಬೆನ್ನುಹುರಿಯನ್ನು ಒತ್ತುತ್ತಿದ್ದ ಗಂಟನ್ನು ತೆಗೆಯುವ ಹೊತ್ತಿಗೆ ಅವಳ ಕಾಲುಗಳು ಸೋತುಹೋಗಿದ್ದವು. ಬರುವ ಶಕ್ತಿ ಮೊದಲ ಆರು ತಿಂಗಳಲ್ಲೇ ಬರಬೇಕು, ಒಂದು ದಿನವೂ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ವಾರಕ್ಕೆ ಮೂರು ದಿನ ಎಗ್ಮೋರಿನ ಫಿಸಿಯೋಥೆರಪಿಗೆ ಹೋಗಬೇಕು.

ಮೊದಲ ದಿನ ಇಬ್ಬರು ಗಂಡಸರು ಅವಳನ್ನು ಬೆಡ್‌ಶೀಟಿನಲ್ಲಿ ಇಳಿಸಿದರು. ಸೀರೆ ತೊಡೆಯವರೆಗೆ ಸರಿದಿತ್ತು. ಮೂರೂ ಮಹಡಿಯವರು ಬಾಗಿಲಲ್ಲಿ ನಿಂತಿದ್ದರು. ಸಂಜೆ ಕಾಫಿಯ ಲೋಟ ಹಿಡಿದುಕೊಂಡೇ ಹರಿಪ್ರಿಯಾ ಅತ್ತಳು. "ಇನ್ನು ನಿನ್ನ ಬೇರೆ ಯಾರೂ ಮುಟ್ಟಲ್ಲ ಕಣೇ. ನಾನೇ ಎತ್ಕೊಂಡು ಹೋಗ್ತೀನಿ, ಪ್ರಾಮಿಸ್" ಎಂದ ಸುಜಯೀಂದ್ರ. ಅದುವರೆಗೆ ಅವನು ಜೀವಮಾನದಲ್ಲಿ ಎತ್ತಿದ್ದು ಫೈಲು ಮಾತ್ರ.

ಜಿಮ್ಮಿನಲ್ಲಿ ಕಲಿಸುವ ರುದ್ರೇಶ್ ಮೊದಲ ದಿನವೇ ಹೇಳಿದ್ದ. ಅವರದು ಧಾರವಾಡದ ಕಡೆಯಿಂದ ವ್ಯಾಪಾರಕ್ಕೆ ಬಂದ ಮನೆತನ, ಮಾತು ಇನ್ನೂ ಅಲ್ಲಿಯದೇ. "ಸರ್, ಎತ್ತೂವಾಗ ಮೈ ಬೆಳ್ಯೂದಿಲ್ರಿ, ಒಳಗ ಹರೀತೈತಿ. ಎತ್ತದ ದಿನ ಅದು ಕೂಡಿ ಗಟ್ಟಿ ಆಗ್ತೈತಿ. ನಡುವ ಒಂದಿನ ಪೂರ್ತಿ ಬಿಡಬೇಕ್ರಿ."

"ಖಂಡಿತ ಬಿಡ್ತೀನಿ" ಎಂದ ಸುಜಯೀಂದ್ರ. ಸೋಮವಾರ, ಬುಧವಾರ, ಶುಕ್ರವಾರ ಜಿಮ್ಮು. ಮಂಗಳವಾರ, ಗುರುವಾರ, ಶನಿವಾರ ಅರವತ್ತೆರಡು ಕಿಲೋ ಹರಿಪ್ರಿಯಾ, ಮೂವತ್ತಾರು ಮೆಟ್ಟಿಲು ಕೆಳಗೆ, ಮೂವತ್ತಾರು ಮೇಲೆ. ಇದನ್ನು ಅವನು ರುದ್ರೇಶನಿಗೆ ಹೇಳಲಿಲ್ಲ. ಹೇಳಿದರೆ ಎರಡರಲ್ಲಿ ಒಂದನ್ನು ಬಿಡು ಅನ್ನುತ್ತಾನೆ, ಯಾವುದನ್ನು ಬಿಡುವುದು?

ಮೂರು ತಿಂಗಳು ಎಲ್ಲ ನೆಟ್ಟಗೆ ನಡೆಯಿತು. ಹರಿಪ್ರಿಯಾಳ ಎಡಗಾಲಿನ ಹೆಬ್ಬೆರಳು ಅಲುಗಿತು. ಆ ದಿನ ಅವನು ಸತ್ಯವಾಗಿಯೂ ಕುಣಿದ. ನಾಲ್ಕನೆಯ ತಿಂಗಳಿಂದ ಅವನ ಬಲ ಇಳಿಯತೊಡಗಿತು. ಅರವತ್ತು ಕಿಲೋ ಎತ್ತುತ್ತಿದ್ದವನಿಗೆ ನಲವತ್ತೈದಕ್ಕೇ ತೋಳು ನಡುಗಿತು. ತನ್ನದೇ ಸೋಮಾರಿತನ ಎಂದು ಬೈದುಕೊಂಡು ಇನ್ನಷ್ಟು ಎತ್ತಿದ.

ಅವಳು ಏಳಲಿ ಎಂದು ಪ್ರತಿ ಏಕಾದಶಿಗೂ ನೀರು ಸಹ ಮುಟ್ಟದೆ ಉಪವಾಸವಿರುವ ಹರಕೆ ಬೇರೆ ಹೊತ್ತಿದ್ದ. ಐದನೆಯ ತಿಂಗಳಲ್ಲಿ ಏಕಾದಶಿ ಶುಕ್ರವಾರ ಬಂತು. ಜಿಮ್ಮಿಗೆ ಹೋಗಲಿಲ್ಲ. ಹೊಟ್ಟೆಗೂ ರಜ, ಮೈಗೂ ರಜ, ರುದ್ರೇಶನ ಮಾತು ಇವತ್ತಾದರೂ ನಡೆಯಿತು ಎಂದು ಸಮಾಧಾನಪಟ್ಟ. ಒಂದು ದಿನವೆಲ್ಲ ಒಣಗಿಸಿದ ಮೈ ಯಾವುದನ್ನು ತಿಂದು ಕೂಡಿಕೊಳ್ಳಬೇಕು ಎಂದು ಹುಚ್ಚಪ್ಪನಿಗೆ ಹೊಳೆಯಲಿಲ್ಲ.

ದ್ವಾದಶಿಯ ಬೆಳಗ್ಗೆ ಪಾರಣೆಯ ನಾಲ್ಕು ತುತ್ತು ನುಂಗಿ ಅವಳನ್ನು ಎತ್ತಿಕೊಂಡ. ಹದಿನೆಂಟನೆಯ ಮೆಟ್ಟಿಲ ತಿರುವಿನಲ್ಲಿ ಬಲಭುಜದೊಳಗೆ ಏನೋ ಕಿತ್ತುಬಂತು. ಬೀಳಿಸಲಿಲ್ಲ. ಗೋಡೆಗೆ ಬೆನ್ನು ಉಜ್ಜಿಕೊಂಡು ಜಾರಿ, ಅವಳನ್ನು ತೊಡೆಯ ಮೇಲೆ ಹಿಡಿದು ಕುಳಿತ.

"ಏನಾಯ್ತು ರೀ?"

"ಏನಿಲ್ಲ, ಸ್ವಲ್ಪ ಉಸಿರು ಕಟ್ತು. ಉಸಿರು ತಗೊಂಡು ಏಳ್ತೀನಿ."

ಮೂರು ಸಲ ಏಳಲು ನೋಡಿದ. ಬಲಗೈ ಅವನ ಮಾತನ್ನೇ ಕೇಳಲಿಲ್ಲ. ಕೆಳಗಿನ ಮನೆಯ ಇಬ್ಬರು ಗಂಡಸರು ಓಡಿಬಂದರು. "ವಿಡುಂಗೊ ಸಾರ್, ನಾಂಗ ಪಾತ್ತುಕ್ಕುರೋಂ" ಬಿಡಿ, ನಾವು ನೋಡಿಕೊಳ್ಳುತ್ತೇವೆ ಎಂದು ತಮಿಳಿನಲ್ಲಿ ಹೇಳುತ್ತ ಒಬ್ಬ ಬಗ್ಗಿದ. ಹರಿಪ್ರಿಯಾ ಗಂಡನ ಅಂಗಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ಸುಜಯೀಂದ್ರನೇ, ಎಡಗೈಯಿಂದ. ಇಷ್ಟು ದಿನ ಕಬ್ಬಿಣ ಎತ್ತಿದ್ದಕ್ಕಿಂತ ಅದು ಕಷ್ಟವಾಗಿತ್ತು.

ಭುಜದ ಸ್ನಾಯು ಹರಿದಿದೆ, ಮೂರು ತಿಂಗಳು ಬಿಂದಿಗೆಯನ್ನೂ ಎತ್ತಕೂಡದು ಎಂದರು ಆಸ್ಪತ್ರೆಯಲ್ಲಿ. ಡಾಕ್ಟರು ಹೇಳಿದ ಆರು ತಿಂಗಳಲ್ಲಿ ಹರಿಪ್ರಿಯಾಳಿಗೆ ಉಳಿದಿದ್ದದ್ದು ಒಂದು ತಿಂಗಳು. ಫೋನಿನಲ್ಲಿ ಸುಜಯೀಂದ್ರ ರುದ್ರೇಶನಿಗೆ ಎಲ್ಲ ಹೇಳಿದ. "ಮೊದಲ ಹೇಳಬಾರದೇನ್ರೀ ಸರ್" ಎಂದ ರುದ್ರೇಶ್.

ಮಂಗಳವಾರ ಸುಜಯೀಂದ್ರ ಅವಳ ಮಂಚದ ಪಕ್ಕದಲ್ಲಿ ಕೈಗೆ ಜೋಲಿ ಕಟ್ಟಿಕೊಂಡು ಕುಳಿತಿದ್ದ. "ಕೆಳಗಿನವರು ಬರ್ತೀವಿ ಅಂದಿದಾರೆ. ಕರೀಲಾ?"

ಹರಿಪ್ರಿಯಾ ಸೀರೆಯನ್ನು ಪಾದದವರೆಗೆ ಎಳೆದು ಸರಿಮಾಡಿಕೊಂಡಳು. "ಬೇಡ. ನಿಮ್ಮ ಕೈ ಸರಿಹೋಗ್ಲಿ. ಆಮೇಲೆ ನೀವೇ ಎತ್ಕೊಂಡು ಹೋಗಿ."

ಆಮೇಲೆ ಹೋಗಿ ಪ್ರಯೋಜನವಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

"ಹೂಂ, ಆಮೇಲೆ ಹೋಗೋಣ" ಎಂದ.