ಪಿಟೀಲಿಗೆ ಎಣ್ಣೆ ಹಾಕಿದ್ದು

ಪಿಟೀಲು ಕುಯ್ಯುವುದು ಎಂದರೆ ನಮ್ಮಲ್ಲಿ ತಲೆ ತಿನ್ನುವುದು ಎಂದೇ ಅರ್ಥ. ಆ ಕೆಲಸವನ್ನು ಬಾಯಿಂದ ನಾನು ಚಿಕ್ಕಂದಿನಿಂದಲೂ ಮಾಡುತ್ತ ಬಂದವಳು. ನಿಜವಾದ ಪಿಟೀಲು ಕೈಗೆ ಬಂದದ್ದು ಮಾತ್ರ ನಲವತ್ತು ದಾಟಿದ ಮೇಲೆ, ಮಸ್ಕತ್ತಿನಲ್ಲಿ. ಅದೂ ಕುರ್ಚಿಯಲ್ಲಿ ಕೂತು ಮೊಣಕಾಲುಗಳ ನಡುವೆ ಇಟ್ಟುಕೊಳ್ಳಬೇಕಾದ, ಎದೆಯೆತ್ತರದ ದೊಡ್ಡ ಪಿಟೀಲು.

ಅದು ಅಲ್ಲಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿರುವ ನನ್ನ ಸಂಗೀತದ ಟೀಚರದ್ದು. ಅವರು ಅಮೆರಿಕದವರು. ಸುಮಾರು ಇನ್ನೂರು ವರ್ಷಗಳ ಹಿಂದೆ ಅವರ ಊರಿನ ಬಡಗಿಯೊಬ್ಬ ಮಾಡಿದ ವಾದ್ಯವಂತೆ. ಆ ಪುಣ್ಯಾತ್ಮ ಯುರೋಪಿನ ಅಸಲಿ ವಾದ್ಯವನ್ನು ಕಣ್ಣಾರೆ ಕಂಡವನೇ ಅಲ್ಲ. ಯಾರೋ ಹೇಳಿದ್ದನ್ನು ಕೇಳಿಕೊಂಡು, ಕುರ್ಚಿಗೆ ಕಾಲು ಕೂರಿಸಿದ ಹಾಗೆ ಕುತ್ತಿಗೆ ಕೂರಿಸಿ, ಒಳಗೆ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಅಂಟಿಸಿದ್ದ. ಅವನ ಧೈರ್ಯ ನನಗೆ ಬಹಳ ಹಿಡಿಸಿತ್ತು.

ರಜೆಗೆ ಹೋಗುವಾಗ ಟೀಚರ್ ಅದನ್ನು ನನ್ನಲ್ಲಿ ಬಿಟ್ಟರು. ಬೀಗ ಹಾಕಿದ ಮನೆಯ ಸೆಕೆಗೆ ಹಳೆಯ ಮರ ಬಿರಿಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಆಮೇಲೂ ಅಭ್ಯಾಸಕ್ಕೆ ನಿನ್ನಲ್ಲೇ ಇರಲಿ ಎಂದರು. ನನಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ಎಸಿ ಕೋಣೆ ಅದಕ್ಕೆ, ಸೆಕೆ ನಮಗೆ ಎಂದಾಯಿತು.

ರಜೆ ಮುಗಿಸಿ ಬಂದ ಟೀಚರ್ ನನ್ನ ಅಭ್ಯಾಸ ಕೇಳಲು ಮನೆಗೇ ಬಂದರು. ಕಮಾನು ಎಳೆದೆ. ಸದ್ದಿಲ್ಲ. ಒತ್ತಿ ಎಳೆದೆ. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿದ ಹಾಗೆ ಜಾರಿತು. ಟೀಚರ್ ಕಮಾನನ್ನು ಮೂಗಿಗೆ ಹಿಡಿದು ನನ್ನ ಮುಖ ನೋಡಿದರು. ನಾನೂ ಮೂಸಿ ಕಿರುಚಿದೆ: ತೆಂಗಿನೆಣ್ಣೆ!

ಉಡುಪಿಯಿಂದ ಬಂದಿದ್ದ ನನ್ನ ಅತ್ತೆ ಅಡುಗೆಮನೆಯಿಂದಲೇ ಹೇಳಿದರು: "ಬೆಳಿಗ್ಗೆ ನಾನೇ ಹಾಕಿದ್ದು ಮಾರಾಯ್ತಿ. ಕೂದಲು ಎಷ್ಟು ಒಣಗಿತ್ತು ಗೊತ್ತುಂಟಾ? ಹೊಟ್ಟು ಬೇರೆ ಉದುರ್ತಿತ್ತು."

ಹೊಟ್ಟಲ್ಲ, ರಾಳದ ಪುಡಿ! ಕಮಾನಿಗೆ ಕಟ್ಟಿದ ಕುದುರೆ ಕೂದಲು ತಂತಿಯನ್ನು ಹಿಡಿಯುವುದೇ ಅದರಿಂದ. ಎಣ್ಣೆ ತಾಗಿದರೆ ಖಲಾಸ್. ಸಿಟ್ಟು ನೆತ್ತಿಗೇರಿತು, ಹಿಂದೆಯೇ ಅಳುವೂ ಬಂತು. ವಾದ್ಯ ಇವತ್ತೇ ಕೈಬಿಟ್ಟು ಹೋಯಿತು ಎಂದುಕೊಂಡೆ.

ಮರಕ್ಕೂ ಹಚ್ಚಿದ್ದಾರೋ ಕೇಳು ಎಂದರು ಟೀಚರ್. ಅವರ ಮುಖ ಬಿಳುಚಿಕೊಂಡಿತ್ತು.

"ಮರಕ್ಕೆ ಎಂತಕ್ಕೆ? ಅದಕ್ಕೆಂತ ತಲೆಕೂದಲು ಉಂಟಾ?" ಎಂದರು ಅತ್ತೆ.

ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಟೀಚರಿಗೆ ಹೋದ ಜೀವ ಬಂತು. ಕೂದಲು ಬದಲಾಯಿಸಬಹುದು, ಸದ್ಯ ಬೆರಳಲ್ಲೇ ಮೀಟು ಎಂದರು. ಅತ್ತೆ ಸಂಜೆ ಹೇಳುವ ಭಜನೆಯೊಂದನ್ನು ಮೀಟಿದೆ. ಅಷ್ಟು ಸಾಕಾಯಿತು, ಅವರು ಸೌಟು ಹಿಡಿದುಕೊಂಡೇ ಬಂದು ಹಾಡತೊಡಗಿದರು. ಅವರ ಶ್ರುತಿ ಮಸ್ಕತ್ತಿನಲ್ಲಿ ಹೊರಟರೆ ಒಮಾನಿನ ಉತ್ತರದ ತುದಿಯ ಖಸಬಿಗೆ ಹೋಗಿ ನಿಲ್ಲುತ್ತದೆ. ನಾನು ನಾಚಿಕೆಯಿಂದ ತಲೆ ತಗ್ಗಿಸಿ ಅವರ ಹಿಂದೆಯೇ ಮೀಟುತ್ತ ಹೋದೆ.

ಮುಗಿದಾಗ ಟೀಚರ್ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಬಡಗಿ ಇದನ್ನು ಕಛೇರಿಗೆಂದು ಮಾಡಿದ್ದಲ್ಲವಂತೆ. ಊರ ಚರ್ಚಿನಲ್ಲಿ ದಿಕ್ಕಿಗೊಬ್ಬರಂತೆ ಹೋಗುವ ಹಾಡುಗಾರರನ್ನು ಹಿಡಿದು ನಿಲ್ಲಿಸಲು ಮಾಡಿದ್ದಂತೆ. ನನ್ನ ಮನೆಯಲ್ಲಿ ಇದಕ್ಕೆ ಕೆಲಸವೇ ಇಲ್ಲ, ಇಲ್ಲೇ ಇರಲಿ ಎಂದರು.

"ಎಂತ ಹೇಳಿದ್ರು ಅವ್ರು?" ಅತ್ತೆ ಕೇಳಿದರು.

"ನಿಮ್ಮ ಹಾಡು ಕೇಳಿ ವಾದ್ಯವನ್ನೇ ಇಲ್ಲಿ ಬಿಟ್ಟು ಹೋಗ್ತಾರಂತೆ ಅತ್ತೆ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.