ಶಾಂತವ್ವನ ಕೂಸು

ಮನ್ಯಾಗ ರೊಟ್ಟಿ, ಎರಡು ಮಕ್ಕಳು, ಆಫೀಸಿನ್ಯಾಗ ಸಾಹೇಬರು. ನನಗ ಕಥಿ ಬರಿಯಾಕ ಟೈಮ್ ಸಿಗೋದು ದಾಂಡೇಲಿಯಿಂದ ಜೊಯಿಡಾಕ್ಕ ಹೋಗೋ ಬಸ್ಸಿನ್ಯಾಗ ಅಷ್ಟ. ಬಸ್ಸು ಕುಣಿಯೋದಕ್ಕ ಪೆನ್ನು ನಿಲ್ಲೂದಿಲ್ಲ ಅಂತ ಮೊಬೈಲಿಗೆ ಬಾಯಿಲೇ ಹೇಳ್ತೇನಿ, ಅದು ಬರಕೋತೈತಿ.

ಅವತ್ತು ಹೇಳಿದೆ: "ಶಾಂತವ್ವ ಕೂಸಿನ್ನ ಬಿಟ್ಟು ಮನಿಯಿಂದ ಹೊಂಟಳು."

ಬಾಜೂಕ ಕುಂತ ಅಜ್ಜಿ ಗಪ್ಪನ ನನ್ನ ಕೈ ಹಿಡದ್ಲು. "ತಂಗಿ, ಫೋನ್ ಇಡಬ್ಯಾಡ! ಆಕಿನ್ನ ತಡಿಯಾಕ ಹೇಳವ್ವಾ!"

"ಅಜ್ಜಿ, ಇದು ಕಥಿರೀ. ನಾನ ಕಟ್ಟಿದ್ದು."

"ನೀನ ಕಟ್ಟೀದಿ ಅಂದ್ರ ಹೇಳು, ಆ ಕೂಸಿಗೆ ಈಗ ಹಾಲು ಕುಡಸೋರು ಯಾರು?"

ನೋಡ್ತೇನಿ, ಹಿಂದಿನ ಸೀಟಿನವರೂ ಬಗ್ಗಿ ಕೇಳಾಕತ್ಯಾರ! ಖುಷಿಗೆ ನನ್ನ ಮೈ ಜುಮ್ಮಂತು. ಹೇಳಕೋಂತ ಹೋದೆ. ಕಂಡಕ್ಟರನೂ ಕಥಿ ಕೇಳಕೋಂತ ನಿಂತು, ಸೀಟಿ ಹೊಡಿಯೋದ ಮರತ. ಅಜ್ಜಿ ಊರು ಹಿಂದ ಉಳೀತು.

ಬಸ್ಸು ನಿಲ್ಲಿಸಿ ಇಳದ ಅಜ್ಜಿ ಬೈಲಿಲ್ಲ, ಕಿಟಕಿಗೆ ಬಂದ್ಲು.

"ನಾ ನಡಕೋಂತ ಹೋಗ್ತೇನಿ. ಶಾಂತವ್ವ ತಿರುಗಿ ಬಂದ್ಲೋ ಇಲ್ಲೋ?"

"ಇನ್ನೂ ಅಲ್ಲೀತನಕ ಬರದಿಲ್ರೀ. ಮನ್ಯಾಗ ಟೈಮ್ ಸಿಗೂದಿಲ್ಲ."

"ನಾಳೆನೂ ಇದ ಬಸ್ಸಿಗೆ ಬರ್ತೇನಿ. ಕೂಸು ಹಸದೈತಿ, ನೆನಪಿರ್ಲಿ."

ಸಂಜಿಮುಂದ ರೊಟ್ಟಿ ಬಡಿಯುವಾಗೂ ಆ ಕೂಸಿನ ಅಳು ಕೇಳಾಕತ್ತಿತ್ತು. ನನ್ನವು ಎರಡ ಇದ್ವು, ಈಗ ಮೂರಾದ್ವು.