ಎಡಗೈ ಹೆಬ್ಬೆರಳಿನ ಬಣ್ಣ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೊಲೆದಾದ್ ಊರಿನ ಹಿಂಬದಿಯ ಓಣಿಯಲ್ಲಿ ಬ್ರೆಡ್ ಮಾರುವವನ ಸೈಕಲ್ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ನೆರೈದಾ ಪೆರ್ತುಸ್ ಅಡುಗೆಮನೆಯ ಹೊಸ್ತಿಲ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಬಾಟಲಿಯಿಂದ ಹತ್ತಿಗೆ ನಾಲ್ಕು ತೊಟ್ಟು ಬಿಟ್ಟುಕೊಂಡು, ತಮ್ಮ ಎಡಗೈ ಹೆಬ್ಬೆರಳನ್ನು ಉಜ್ಜುತ್ತಿದ್ದಾರೆ. ಉಗುರಿನ ಮೇಲಿದ್ದ ನೀಲಿ ಬಣ್ಣ ಹತ್ತಿಗೆ ಇಳಿಯುತ್ತದೆ. ಉಗುರು ಬೋಳಾಗುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡಿ, "ಸರಿ, ಇದೇ" ಎಂದು ತಮಗೆ ತಾವೇ ಹೇಳಿಕೊಂಡು ಬಾಟಲಿಯನ್ನು ಚೀಲಕ್ಕೆ ಹಾಕುತ್ತಾರೆ.

ಊರಿನ ಅರ್ಧ ಹೆಂಗಸರ ಉಗುರಿಗೆ ಬಣ್ಣ ಹಚ್ಚುವ ಈ ಹೆಂಗಸಿನ ಕೈಯಲ್ಲಿ ಬಣ್ಣವಿರುವುದು ಆ ಒಂದೇ ಉಗುರಿಗೆ. ಅದೂ ರಾತ್ರಿ ಮಲಗುವಾಗ ಹಚ್ಚಿ, ಬೆಳಿಗ್ಗೆ ಏಳುತ್ತಲೇ ತೆಗೆದುಹಾಕುವ ಬಣ್ಣ. ಯಾಕೆ ಹೀಗೆ ಎಂದು ಕೇಳಿದವರಿಗೆಲ್ಲ "ಬಾಟಲಿ ಪರೀಕ್ಷೆ" ಎಂದಷ್ಟೇ ಹೇಳಿ ನಗುತ್ತಾರೆ. ಆ ನಗು ಬಹಳ ಹೊತ್ತು ಉಳಿಯುವುದಿಲ್ಲ.

ನೆರೈದಾ ಅವರಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಸಣ್ಣ ಬೋಗುಣಿ, ಮಡಚುವ ಸ್ಟೂಲು. ತಾವು ದುಡಿಯುತ್ತಿದ್ದ ಹೊಲಿಗೆ ಕಾರ್ಖಾನೆ ಮುಚ್ಚಿದ ವರ್ಷ ಶುರುವಾದ ಮನೆಮನೆ ಅಲೆದಾಟ ಇವತ್ತಿಗೂ ನಿಂತಿಲ್ಲ. ಬಿಸಿಲೇರುವ ಮೊದಲು ಎರಡು ಮನೆ, ಊಟದ ಹೊತ್ತಿಗೆ ಇನ್ನೊಂದು, ಸಂಜೆ ಆಫೀಸಿನಿಂದ ಬರುವವರು. ದೂರವಾದರೆ ಬಾಡಿಗೆ ಬೈಕಿನ ಹಿಂದೆ ಕೂತು, ಬೋಗುಣಿಯನ್ನು ಹೆಲ್ಮೆಟ್ಟಿನ ಹಾಗೆ ತಲೆಗೆ ಕವುಚಿಕೊಂಡು ಹೋಗುವುದೂ ಉಂಟು. ಮಳೆ ಬಂದರೆ ಇಲ್ಲಿನ ಬೀದಿಗಳೇ ಹೊಳೆಯಾಗುತ್ತವೆ, ಆವತ್ತು ಗಳಿಕೆಯಿಲ್ಲ. ಬಗ್ಗಿ ಬಗ್ಗಿ ಬೆನ್ನು ಹೋಗಿದೆ. ಬಣ್ಣ ತೆಗೆಯುವ ರಿಮೂವರಿನ ಘಾಟು ಕುಡಿದು ಕುಡಿದು ಮೂಗು ಸತ್ತಿದೆ. ಮೀನು ಹುರಿದರೂ ಅಷ್ಟೇ, ಸೀದರೂ ಅಷ್ಟೇ, ಅವರಿಗೆ ಏನೂ ಗೊತ್ತಾಗುವುದಿಲ್ಲ.

ಅದರ ಮೇಲೆ ಮರೆವು. ಅಷ್ಟೊಂದು ಸಾಮಾನಿನಲ್ಲಿ ಒಂದಲ್ಲ ಒಂದು ಮನೆಯಲ್ಲೇ ಉಳಿದುಬಿಡುತ್ತದೆ. ಉಗುರು ತಿಕ್ಕುವ ಅರ ಮರೆತರೆ ಬೆಂಕಿಪೊಟ್ಟಣದ ಗೀರುವ ಬದಿ. ಕಾಲ್ಬೆರಳುಗಳ ನಡುವೆ ಇಡುವ ಸ್ಪಂಜು ಇಲ್ಲವೆಂದರೆ ಸುರುಳಿ ಸುತ್ತಿದ ಕಾಗದ. ಬೇಗ ಒಣಗಿಸುವ ಎಣ್ಣೆ ಇಲ್ಲದಿದ್ದರೆ ಐಸ್ ಹಾಕಿದ ನೀರು. ಉಗುರಿನ ಬುಡದ ಚರ್ಮ ಮೆತ್ತಗಾಗಲು ಮನೆಯವರ ಅಡುಗೆಯ ತೆಂಗಿನೆಣ್ಣೆ. ಒಮ್ಮೆ ಒಂದು ಮದುವೆಮನೆಯಲ್ಲಿ ಅದೂ ಇರಲಿಲ್ಲ, ಹಂದಿಮಾಂಸ ಕರಿದು ಉಳಿದ ಕೊಬ್ಬನ್ನೇ ಹಚ್ಚಿಬಿಟ್ಟರು. "ಉಗುರೇನೋ ಕನ್ನಡಿ ಆಯ್ತು. ಆದ್ರೆ ಮದುಮಗಳ ಕೈಯನ್ನ ಅವರ ಮನೆ ನಾಯಿ ಚರ್ಚಿನವರೆಗೂ ಬಿಡ್ಲಿಲ್ಲ" ಎನ್ನುತ್ತಾರೆ.

"ಇಲ್ಲದ್ದನ್ನ ಇದ್ದಿದ್ದರಲ್ಲೇ ಸರಿದೂಗಿಸೋದು ನಂಗೆ ಬರುತ್ತೆ. ಅದೇ ನನ್ನ ಕಸುಬು ಅನ್ನಿ, ಬಣ್ಣ ಹಚ್ಚೋದು ಆಮೇಲೆ. ಆದ್ರೆ ನೀನ್ಯಾ ತೂಲಿಯಾ ವಿಷಯದಲ್ಲಿ..." ಎಂದವರು ಅಲ್ಲಿಗೇ ನಿಲ್ಲಿಸಿ, ಕಾಫಿ ಇಡಲು ಎದ್ದು ಹೋಗುತ್ತಾರೆ.

ಈ ಕಡೆ ಹಿರಿಯ ಹೆಂಗಸರನ್ನು ಎಷ್ಟೇ ವಯಸ್ಸಾಗಿದ್ದರೂ 'ನೀನ್ಯಾ', ಅಂದರೆ ಹುಡುಗಿ, ಎಂದೇ ಮರ್ಯಾದೆಯಿಂದ ಕರೆಯುವುದು. ತೂಲಿಯಾ ಜೀವಮಾನವೆಲ್ಲ ಸಂತೆಯಲ್ಲಿ ಮೀನು ಮಾರಿದವರು. ಬಾಯಿ ಜೋರು, ಕೈ ಇನ್ನೂ ಜೋರು. ಮಂಡಿ ಕೈಕೊಟ್ಟು ಮೀನಿನ ಬುಟ್ಟಿ ಇಳಿಸಿದ ವಾರವೇ ನೆರೈದಾ ಅವರಿಗೆ ಹೇಳಿಕಳಿಸಿದರು. "ನನ್ನ ಉಗುರಿನ ಸಂದಿನಲ್ಲಿ ಇಷ್ಟು ವರ್ಷ ಮೀನಿನ ಹುರುಪೆ ಇತ್ತು ಕಣೇ. ಇನ್ಮೇಲೆ ಕೆಂಪು ಇರ್ಲಿ. ಹತ್ತು ಮಾರು ದೂರಕ್ಕೆ ಕಾಣ್ಬೇಕು!" ಅಂದರು. ಕೊರೊಸೊ ಹಣ್ಣಿನ ರಸದಂಥ ಗಾಢ ಕೆಂಪು, ಒಂದೇ ಬಣ್ಣ, ಪ್ರತಿ ಶುಕ್ರವಾರ. ಆ ಬಣ್ಣ ಮಾಡುವುದನ್ನು ಕಂಪನಿಯವರು ನಿಲ್ಲಿಸಿದಾಗ ಊರೆಲ್ಲ ಹುಡುಕಿ, ಸಿಕ್ಕ ಬಾಟಲಿಗಳನ್ನೆಲ್ಲ ತಂದು ಬಟ್ಟೆಯ ಬೀರುವಿನಲ್ಲಿ ಬೀಗ ಹಾಕಿಟ್ಟುಕೊಂಡರು. ಮಗಳು ಎನಿಲ್ದಾ ಪ್ರಾಥಮಿಕ ಶಾಲೆಯ ಮೇಡಂ. ಅವರಿಗೆ ಇದೆಲ್ಲ ನಾಚಿಕೆ. "ಈ ವಯಸ್ಸಲ್ಲಿ ಇದೇನಮ್ಮಾ, ಜಾತ್ರೇಲಿ ಕುಣಿಯೋರ ಥರ" ಎಂದು ಗೊಣಗಿದಾಗಲೆಲ್ಲ ತೂಲಿಯಾ ಹತ್ತೂ ಬೆರಳನ್ನು ಮಗಳ ಮುಖಕ್ಕೆ ಹಿಡಿದು ಅಲ್ಲಾಡಿಸುವರು.

ತೂಲಿಯಾ ಅವರ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಗಿ, ಕಾದು ಕಾದು ಕೊನೆಗೂ ಆಪರೇಷನ್ನಿಗೆ ದಿನ ಸಿಕ್ಕಿತು. ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸುವ ಯಂತ್ರ ಬಣ್ಣದ ಉಗುರಿನ ಮೇಲೆ ಸರಿಯಾಗಿ ಓದುವುದಿಲ್ಲ, ಬಣ್ಣ ಹಾಕಿಕೊಂಡು ಬಂದರೆ ವಾಪಸು ಕಳಿಸುತ್ತೇವೆ ಎಂದು ಆಸ್ಪತ್ರೆಯಿಂದ ಮುಂಚೆಯೇ ಹೇಳಿದ್ದರು. ಹಿಂದಿನ ದಿನವೇ ತೆಗೆಸಿಬಿಡೋಣ ಅಂದರೆ ಮುದುಕಿ ಕೇಳಬೇಕಲ್ಲ. "ಟ್ಯಾಕ್ಸಿ ಹತ್ತೋವರೆಗೂ ನನ್ನ ಕೆಂಪು ನನ್ನ ಕೈಲಿ ಇರುತ್ತೆ" ಎಂದು ಹಟ ಹಿಡಿದರು.

ಆ ಬೆಳಗಿನ ಜಾವ ನೆರೈದಾ ಅವರ ಓಣಿಯಲ್ಲಿ ಕರೆಂಟು ಹೋಗಿತ್ತು. ಇಲ್ಲಿ ಅದೇನು ಹೊಸದಲ್ಲ. ಬಣ್ಣ ತೆಗೆಯುವುದಷ್ಟೇ ಕೆಲಸ, ಪೂರ್ತಿ ಚೀಲವೇಕೆ ಎಂದುಕೊಂಡು, ಕತ್ತಲಲ್ಲೇ ಕಪಾಟಿಗೆ ಕೈಹಾಕಿ ಬಾಟಲಿ, ಒಂದು ಉಂಡೆ ಹತ್ತಿ ತೆಗೆದುಕೊಂಡು ಹೊರಟರು. ರಿಮೂವರನ್ನು ಇಲ್ಲಿ ಬಿಡಿಯಾಗಿ ಅಳೆದು ಕೊಡುತ್ತಾರೆ, ಎಲ್ಲರೂ ಸೋಂಪಿನ ಸಾರಾಯಿಯ ಖಾಲಿ ಬಾಟಲಿಗೇ ತುಂಬಿಸಿಕೊಂಡು ಬರುವುದು. ಈಸ್ಟರಿನ ಹಿಂದಿನ ಶನಿವಾರ ಪಾದ್ರಿ ಆಶೀರ್ವದಿಸಿ ಕೊಟ್ಟ ಪವಿತ್ರ ಜಲವನ್ನು ಹಿಡಿದು ತರುವುದೂ ಅಂಥದೇ ಬಾಟಲಿಯಲ್ಲಿ. ಎರಡೂ ಒಂದೇ ಕಪಾಟಿನಲ್ಲಿದ್ದವು.

ತೂಲಿಯಾ ಸ್ನಾನ ಮಾಡಿ, ತಲೆ ಬಾಚಿ, ಮಂಚದ ಮೇಲೆ ರೆಡಿಯಾಗಿ ಕೂತಿದ್ದರು. ನೆರೈದಾ ಉಜ್ಜಿದರು, ಮತ್ತೆ ಉಜ್ಜಿದರು. ಕೆಂಪು ಜಪ್ಪಯ್ಯ ಅನ್ನಲಿಲ್ಲ.

"ಏನೇ ಇದು, ನಿನ್ನ ಬಾಟಲಿದು ಇವತ್ತು ನಾತಾನೇ ಇಲ್ಲ?" ಎಂದರು ತೂಲಿಯಾ. ಬಾಟಲಿ ಇಸಿದುಕೊಂಡು ಮೂಸಿ, ನಾಲಿಗೆಗೆ ಒಂದು ತೊಟ್ಟು ಬಿಟ್ಟುಕೊಂಡರು. "ನೀರು ಕಣೇ!"

ನೆರೈದಾ ಬಾಟಲಿಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದರು. "ಅಯ್ಯೋ ದೇವರೇ. ನೀನ್ಯಾ ತೂಲಿಯಾ, ಅದು... ಅದು ಚರ್ಚಿನ ನೀರು."

ಮುದುಕಿ ಹೊಟ್ಟೆನೋವಿನಲ್ಲೂ ಬಿದ್ದು ಬಿದ್ದು ನಕ್ಕರು. "ಆಪರೇಷನ್ನಿಗೆ ಮುಂಚೆ ಉಗುರಿಗೂ ಜ್ಞಾನಸ್ನಾನ ಮಾಡಿಸ್ದೆ ಬಿಡು. ಪಾದ್ರಿಗೂ ಹೊಳೀಲಿಲ್ಲ ಇದು!"

ಎನಿಲ್ದಾ ನಗಲಿಲ್ಲ. ಹೊರಗೆ ಟ್ಯಾಕ್ಸಿ ಹಾರ್ನ್ ಹಾಕುತ್ತಿತ್ತು. ಬೀದಿ ಕೊನೆಯ ಅಂಗಡಿ ಇನ್ನೂ ತೆರೆದಿರಲಿಲ್ಲ. "ವಾಪಸು ಕಳಿಸಿದ್ರೆ ಮತ್ತೆ ಯಾವಾಗ ಕರೀತಾರೋ ಗೊತ್ತೇನ್ರೀ? ಒಂದೇ ಒಂದು ಬಾಟಲಿ ನೆಟ್ಟಗೆ ತರೋಕಾಗಲ್ವಾ ನಿಮಗೆ?" ಎಂದು ಅಳು ಬೆರೆತ ದನಿಯಲ್ಲಿ ಕೂಗಿದರು.

ದಾರಿ ಒಂದೇ ಇತ್ತು, ನೆರೈದಾ ಅವರಿಗೆ ಅದು ಗೊತ್ತಿತ್ತು. ಒಣಗಿದ ಬಣ್ಣದ ಮೇಲೆ ಹಸಿ ಬಣ್ಣ ದಪ್ಪಗೆ ಹಚ್ಚಿದರೆ ಕೆಳಗಿನದೂ ಮೆತ್ತಗಾಗುತ್ತದೆ. ಅದು ಮತ್ತೆ ಒಣಗುವ ಮುಂಚೆ ಗಬಕ್ಕನೆ ಒರೆಸಿಬಿಟ್ಟರೆ ಎರಡೂ ಒಟ್ಟಿಗೆ ಬರುತ್ತವೆ. ಆದರೆ ಅದಕ್ಕೆ ಬಣ್ಣ ಬೇಕು, ಚೀಲ ಮನೆಯಲ್ಲಿದೆ. ಆ ಮನೆಯಲ್ಲಿದ್ದದ್ದು ಬೀರುವಿನ ಕೆಂಪು ಮಾತ್ರ, ಅದರಲ್ಲೂ ಕಟ್ಟಕಡೆಯ ಬಾಟಲಿ.

ತೂಲಿಯಾ ತಾವೇ ಬೀಗದ ಕೈ ಕೊಟ್ಟರು. ಒಂದೊಂದು ಉಗುರಿಗೂ ಎರಡು ಮೂರು ಸಲ ಬಣ್ಣ ಸುರಿಯಬೇಕಾಯಿತು. ಹಚ್ಚುವುದು, ಒರೆಸುವುದು, ಹಚ್ಚುವುದು, ಒರೆಸುವುದು. ಕೊನೆಯ ಬೆರಳು ಮುಗಿಯುವಷ್ಟರಲ್ಲಿ ಬ್ರಷ್ಷು ಬಾಟಲಿಯ ತಳವನ್ನು ಕೆರೆಯುತ್ತಿತ್ತು.

ಬೋಳಾದ ಕೈಗಳನ್ನು ತೂಲಿಯಾ ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. "ಮತ್ತೆ ಮೀನು ಮಾರೋ ಕೈ ಆಯ್ತಲ್ಲೇ" ಎಂದರು. ಆಮೇಲೆ ನೆರೈದಾ ಅವರ ಮಣಿಕಟ್ಟು ಹಿಡಿದುಕೊಂಡರು. "ಕೇಳಿಲ್ಲಿ. ನಾನು ವಾಪಸ್ ಹೆಂಗೇ ಬರ್ಲಿ, ನಡ್ಕೊಂಡ್ ಬರ್ಲಿ, ಹೊತ್ಕೊಂಡ್ ಬರ್ಲಿ, ನನ್ನ ಕೆಂಪು ನಂಗೆ ಹಚ್ಬೇಕು. ಈ ಕೈಯಲ್ಲಿ ನಾನು ಯಾರ ಮುಂದೂ ಮಲಗೋಳಲ್ಲ. ಆಯ್ತಾ?"

"ಆಯ್ತು ನೀನ್ಯಾ ತೂಲಿಯಾ" ಎಂದರು ನೆರೈದಾ. ಖಾಲಿ ಬಾಟಲಿ ಅವರ ಕೈಯಲ್ಲೇ ಇತ್ತು.

ಒರೆಸಿದ ಹತ್ತಿಯನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಕಟ್ಟಿಕೊಂಡು ಬಂದರು. ಒಬ್ಬರ ಉಗುರಿನ ಚೂರು, ಉಗುರು ಒರೆಸಿದ ಹತ್ತಿ ಕಂಡಲ್ಲಿ ಬಿಟ್ಟರೆ ಯಾರಾದರೂ ಮಾಟ ಮಾಡಿಸಿಯಾರು ಎಂಬ ಭಯ ಇಲ್ಲಿ ಎಲ್ಲರಿಗೂ ಇದೆ. ಅದಕ್ಕೇ ಅವರು ತೆಗೆದುಕೊಂಡು ಹೋಗಿ ತಮ್ಮ ಹಿತ್ತಲಲ್ಲಿ ಸುಡುತ್ತಾರೆ. ಆ ವಾರ ಸುಡಲು ಮನಸ್ಸಾಗಲಿಲ್ಲ.

ಆಪರೇಷನ್ನು ಆಯಿತು, ತೂಲಿಯಾ ಏಳಲಿಲ್ಲ. ಹೃದಯ ತಡೆದುಕೊಳ್ಳಲಿಲ್ಲ ಎಂದರು ಆಸ್ಪತ್ರೆಯವರು. ಮೂರನೆಯ ದಿನ ಬೆಳಿಗ್ಗೆ ಎನಿಲ್ದಾ ಫೋನ್ ಮಾಡಿದರು. "ಅಮ್ಮನ್ನ ಮನೆಗೆ ಕರ್ಕೊಂಡ್ ಬಂದಿದೀವಿ. ಸಂಜೆ ಮಣ್ಣು. ನೀವು ಬನ್ನಿ. ಅವಳ ಕೈ ಬೇರೆ ಯಾರದೋ ಥರ ಕಾಣ್ತಿದೆ ನಂಗೆ."

ನೆರೈದಾ ಸಂತೆಯ ಅಂಗಡಿಗಳನ್ನೆಲ್ಲ ಸುತ್ತಿದರು. ಕೆಂಪಿಗೇನು ಬರವೇ, ಗೋಡೆ ತುಂಬ ಕೆಂಪು. ಟೊಮೆಟೊ ಕೆಂಪು, ಗುಲಾಬಿ ಕೆಂಪು, ಇಟ್ಟಿಗೆ ಕೆಂಪು. ತೂಲಿಯಾ ಅವರ ಕೆಂಪು ಮಾತ್ರ ಇಲ್ಲ. "ಯಾವ್ದೋ ಒಂದು ಹಚ್ಚಿದ್ರೆ ಯಾರಿಗ್ ಗೊತ್ತಾಗುತ್ತೆ ಅಂದ ಅಂಗಡಿಯವನು. ಅವನಿಗೇನ್ ಗೊತ್ತು, ಮುದುಕಿ ಎದ್ದು ಕೂತು ಬೈಯೋಳು" ಎಂದು ಹೇಳುವಾಗ ನೆರೈದಾ ನಗಲು ನೋಡುತ್ತಾರೆ. ಕಣ್ಣು ತುಂಬಿಬಿಡುತ್ತದೆ.

ಮನೆಗೆ ಬಂದವರ ಕಣ್ಣಿಗೆ ಬಿದ್ದದ್ದು ಹಿತ್ತಲ ಬಾಗಿಲಿಗೆ ನೇತುಹಾಕಿದ್ದ ಆ ಪ್ಲಾಸ್ಟಿಕ್ ಚೀಲ.

ತೂಲಿಯಾ ಅವರ ಮನೆಯ ಹಜಾರದಲ್ಲಿ ಪೆಟ್ಟಿಗೆ, ನಾಲ್ಕು ಮೇಣದಬತ್ತಿ, ಎರಡು ಫ್ಯಾನು. ಹೊರಗೆ ಗಂಡಸರು ಕಪ್ಪು ಕಾಫಿ ಕುಡಿಯುತ್ತ ಡೊಮಿನೊ ಆಡುತ್ತಿದ್ದರು. ಒಳಗೆ ಅಡುಗೆಮನೆಯಲ್ಲಿ ನೆರೈದಾ ಕೆಂಪು ಹತ್ತಿಯನ್ನೆಲ್ಲ ಒಂದು ಕಾಫಿ ಲೋಟಕ್ಕೆ ತುರುಕಿ, ಈ ಸಲ ಸರಿಯಾದ ಬಾಟಲಿಯಿಂದ ರಿಮೂವರ್ ಸುರಿದರು. ನೆನೆಯಲು ಬಿಟ್ಟು, ನೈಲಾನ್ ಕಾಲುಚೀಲದಲ್ಲಿ ಹಿಂಡಿದರು. ಇಳಿದದ್ದು ತೆಳ್ಳಗಿನ ಕೆಂಪು ನೀರು. ಅದನ್ನು ಕಿಟಕಿಯ ಗಾಳಿಗಿಟ್ಟು ಮಂದವಾಗುವವರೆಗೆ ಕಾದು, ಬಣ್ಣವಿಲ್ಲದ ಪಾಲಿಶ್ ಸ್ವಲ್ಪ ಬೆರೆಸಿದರು. ಆ ಉಗುರಿಂದ ತೆಗೆದ ಬಣ್ಣವನ್ನೇ ಆ ಉಗುರಿಗೆ ಹಿಂದಕ್ಕೆ ಕೊಡುವುದು. ಬೇರೆ ಉಪಾಯ ಅವರಿಗೆ ತೋಚಲಿಲ್ಲ.

ಮೊದಲ ಸಲಕ್ಕೆ ಬರೀ ನಸುಗೆಂಪು. ಎರಡನೆಯದಕ್ಕೆ ಕೊಂಚ ಬಂತು. ಮೂರನೆಯದು ಹಚ್ಚಿದಾಗ ಪಕ್ಕದಲ್ಲಿ ಮೇಣದಬತ್ತಿ ಹಿಡಿದಿದ್ದ ಎನಿಲ್ದಾ "ಹಾಂ, ಅಮ್ಮ" ಎಂದರು, ಅಷ್ಟೇ. ಆದರೆ ಹತ್ತೂ ಬೆರಳಿಗೆ ಮೂರು ಮೂರು ಸಲ ಹಚ್ಚುವಷ್ಟು ಲೋಟದಲ್ಲಿ ಇರಲಿಲ್ಲ. ಎಡಗೈಯ ಕಿರುಬೆರಳಿಗೆ ಬರುವಾಗ ಬ್ರಷ್ಷು ಒಣಗಿತ್ತು. ಕಾಲುಚೀಲವನ್ನು ಮತ್ತೆ ಹಿಂಡಿದರು. ಒಂದು ತೊಟ್ಟೂ ಇಳಿಯಲಿಲ್ಲ.

"ಒಂದು ಉಳೀತು ಮೇಡಂ" ಎಂದು ನೆರೈದಾ ಅಲ್ಲೇ ನೆಲಕ್ಕೆ ಕುಸಿದು ಅತ್ತರು. "ಆವತ್ತು ಆ ಬಾಟಲಿ ಒಂದು ಸರಿಯಾಗಿ ತಂದಿದ್ರೆ ಕೆಂಪು ಉಳ್ದು ಹತ್ತಕ್ಕೂ ಸಾಕಾಗ್ತಿತ್ತು. ಮಾತು ಕೊಟ್ಟಿದ್ದೆ ನಾನು."

ಎನಿಲ್ದಾ ಬೈಯುತ್ತಾರೆಂದು ಕಾದರು. ಬೈಯಲಿಲ್ಲ. ಕುರ್ಚಿಯನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಂಡು, ಅಮ್ಮನ ಆ ಬೋಳು ಕಿರುಬೆರಳನ್ನು ತಮ್ಮ ಮುಷ್ಟಿಯಲ್ಲಿ ಮುಚ್ಚಿ ಹಿಡಿದರು. "ಇದನ್ನ ನಾನು ಹಿಡ್ಕೊಂಡಿರ್ತೀನಿ. ಯಾರಿಗೂ ಕಾಣಲ್ಲ. ನೀವು ಎದ್ದೇಳಿ, ಕಾಫಿ ಕುಡೀರಿ" ಎಂದರು. ಸಂತೆಯ ಹೆಂಗಸರೆಲ್ಲ ಸಾಲಾಗಿ ಬಂದು ನೋಡಿ, "ಆಹಾ, ತೂಲಿಯಾ ಅಂದ್ರೆ ತೂಲಿಯಾನೇ" ಎಂದು ಕಣ್ಣೊರೆಸಿಕೊಂಡು ಹೋದರು. ಪೆಟ್ಟಿಗೆಯ ಮುಚ್ಚಳ ಹಾಕುವವರೆಗೂ ಮಗಳು ಆ ಬೆರಳನ್ನು ಬಿಡಲಿಲ್ಲ.

ಅದಾಗಿ ಎರಡು ವರ್ಷ. ಎನಿಲ್ದಾ ಈಗ ಪ್ರತಿ ಶುಕ್ರವಾರ ತಮ್ಮ ಉಗುರಿಗೆ ಕೆಂಪು ಹಚ್ಚಿಸಿಕೊಳ್ಳುತ್ತಾರೆ, ಅಂಗಡಿಯಲ್ಲಿ ಸಿಕ್ಕ ಯಾವುದೋ ಕೆಂಪು. ಎಡಗೈಯ ಕಿರುಬೆರಳೊಂದನ್ನು ಬೋಳಾಗಿಯೇ ಬಿಡಲು ಹೇಳುತ್ತಾರೆ.

ಕಾಫಿ ಮುಗಿಯುವ ಹೊತ್ತಿಗೆ ಓಣಿಯಲ್ಲಿ ಬೈಕು ಬಂದು ನಿಲ್ಲುತ್ತದೆ. ನೆರೈದಾ ಚೀಲ ಹೆಗಲಿಗೇರಿಸಿ, ಬೋಗುಣಿ ಎತ್ತಿಕೊಳ್ಳುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಬೋಳು ಹೆಬ್ಬೆರಳನ್ನು ಒಮ್ಮೆ ನೋಡಿಕೊಳ್ಳುತ್ತಾರೆ.

"ನಂಗೆ ಕೆಂಪು ಗಿಂಪು ಏನೂ ಬೇಡಪ್ಪ. ನಾನು ದಾರೀಲೋ, ಯಾರದೋ ಮನೇಲೋ ಬಿದ್ದು ಹೋದ ದಿನ, ಯಾರಾದ್ರೂ ಈ ಹೆಬ್ಬೆರಳು ನೋಡ್ಲಿ. ಬಣ್ಣ ಇಲ್ದೇ ಇದ್ರೆ ತಿಳ್ಕೊಳ್ಲಿ, ಆವತ್ತೂ ನಾನು ಸರಿಯಾದ ಬಾಟಲೀನೇ ತಂದಿದ್ದೆ ಅಂತ."